ಖಾಲಿ ಹೊಟ್ಟೆಗೆ ಒಂದು ಲೋಟ ಹಾಲು

ವೆಸ್ಟ್‌ಬಿ, ವಿಸ್ಕಾನ್ಸಿನ್
೧೧ ಜೂನ್ ೧೯೭೪

ಮುದ್ದಿನ ಮಾರಿತ್‌ಗೆ ಅಜ್ಜಿಯ ಅಕ್ಕರೆಯ ಮುತ್ತು.

ಹೇಗಿದ್ದೀ ಮಗಳೇ? ಮಿಲ್ವಾಕಿಯ ಆ ಬಾಡಿಗೆ ಮನೆಯವಳು ಹೊಟ್ಟೆತುಂಬ ಊಟ ಹಾಕುತ್ತಾಳೋ, ಇಲ್ಲ ಈಗಲೂ ಬರೀ ಸೂಪು ತೋರಿಸಿ ಕಳಿಸುತ್ತಾಳೋ? ಟೆಲಿಫೋನ್ ಕಚೇರಿಯಲ್ಲಿ ದಿನವಿಡೀ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಿವಿಯ ಹಿಂದೆ ಹುಣ್ಣಾಗಿದೆ ಎಂದಿದ್ದೆಯಲ್ಲ, ವಾಸಿಯಾಯಿತೇ? ಅದಕ್ಕೆ ಕೆಚ್ಚಲಿಗೆ ಹಚ್ಚುವ ಮುಲಾಮು ಹಚ್ಚು, ನಾಚಿಕೊಳ್ಳಬೇಡ, ನಾನು ನನ್ನ ಹಿಮ್ಮಡಿಗೂ ಅದನ್ನೇ ಹಚ್ಚುವುದು. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ರೇಡಿಯೋದವರಿಗಿಂತ ಮೊದಲೇ ಮಳೆಯ ಸುದ್ದಿ ಹೇಳುತ್ತದೆ. ನಿನ್ನ ಅಪ್ಪ ಮೊದಲ ಹುಲ್ಲು ಕೊಯ್ದು ಒಣಗಲು ಹರಡಿದ್ದಾನೆ, ನನ್ನ ಮಂಡಿಯ ಮಾತು ಕೇಳದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ, ಅಜ್ಜಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹತ್ತಿತು ಎಂದುಕೊಳ್ಳುತ್ತೀಯೇನೋ. ನಮ್ಮ ಫೋನಿನ ತಂತಿಯನ್ನು ಇನ್ನೂ ಮೂರು ಮನೆಗಳು ಹಂಚಿಕೊಂಡಿವೆ, ಪಕ್ಕದ ಮನೆಯ ಹಿಲ್ಮಾ ಕದ್ದು ಕೇಳುತ್ತ ಉಸಿರಾಡುವುದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಅದೂ ಅಲ್ಲದೆ ಫೋನು ಇರುವುದು ಅಡಿಗೆಮನೆಯ ಗೋಡೆಯಲ್ಲಿ, ನಿನ್ನ ಅಮ್ಮ ಮಲಗಿರುವುದು ಪಕ್ಕದ ಕೋಣೆಯಲ್ಲಿ. ಇದು ಅವಳ ಕಿವಿಗೆ ಬೀಳಬಾರದ ಮಾತು.

ನಿನ್ನ ಅಮ್ಮನ ವಿಷಯ ಬರೆಯುತ್ತೇನೆ, ಗಟ್ಟಿ ಮನಸ್ಸು ಮಾಡಿಕೊಂಡು ಓದು. ಎದೆಯ ಗಂಟಿನಿಂದ ಶುರುವಾದ ಕ್ಯಾನ್ಸರ್ ಈಗ ಶ್ವಾಸಕೋಶಕ್ಕೂ ಬಂದಿದೆ ಎಂದು ಆಸ್ಪತ್ರೆಯವರು ಹೇಳಿದ್ದು ನಿನಗೆ ಗೊತ್ತೇ ಇದೆ. ಅವಳ ಮಂಚವನ್ನು ಮುಂದಿನ ಕೋಣೆಯ ಕಿಟಕಿಯ ಬಳಿ ಹಾಕಿದ್ದೇವೆ. ಅಲ್ಲಿಂದ ಅವಳಿಗೆ ಕೊಟ್ಟಿಗೆ ಕಾಣುತ್ತದೆ. ಯಾವ ಹಸು ಕುಂಟುತ್ತಿದೆ, ಯಾವುದು ಮೇವಿಗೆ ಮೂತಿ ತಿರುವಿದೆ ಎಂದು ಮಲಗಿದಲ್ಲಿಂದಲೇ ನಿನ್ನ ಅಪ್ಪ ಓರ್ಲಿನ್‌ಗೆ ಹೇಳುತ್ತಾಳೆ, ಅವನೂ ಹೂಂ ಎನ್ನುತ್ತಾನೆ. ತೀರಾ ಇಳಿದುಹೋಗಿದ್ದಾಳೆ, ಮಾರಿತ್. ಮೊನ್ನೆ ತಲೆ ಬಾಚುವಾಗ ಅವಳ ಕತ್ತು ನನ್ನ ಅಂಗೈಯಲ್ಲಿ ಹಿಡಿಸಿತು. ಹೆತ್ತ ಮಗಳು ನನ್ನ ಕಣ್ಣೆದುರಿಗೇ ಹೀಗೆ ಕರಗುವುದನ್ನು ನೋಡಲು ದೇವರು ನನಗೆ ಇಷ್ಟು ಆಯಸ್ಸು ಕೊಟ್ಟನಲ್ಲ ಎಂದು ಅವನ ಮೇಲೆ ಸಿಟ್ಟು ಬರುತ್ತದೆ. ಪಾದ್ರಿಗಳಿಗೆ ಈ ಮಾತು ಹೇಳಿದೆ. ಅವರು ಕಾಫಿ ಕುಡಿದು ಎದ್ದುಹೋದರು.

ಕಳೆದ ವಾರ ಅವಳಿಗೆ ಕೆಮ್ಮಿನ ಜೊತೆ ಜ್ವರ ಬಂತು. ಮನೆಗೆ ಬಂದುಹೋಗುವ ನರ್ಸ್ ಡ್ವೊರಾಕ್, ಡಾಕ್ಟರನ್ನು ಕೇಳಿ ಮಾತ್ರೆ ತಂದಳು. ಒಳ್ಳೆಯ ಹೆಂಗಸು, ಬಾಯಿ ಮಾತ್ರ ಬೀಸುವ ಕಲ್ಲಿನ ಹಾಗೆ ಸುಮ್ಮನಿರುವುದಿಲ್ಲ. ಅವಳು ಮಾತ್ರೆಯನ್ನು ಅಂಗೈಗೆ ಹಾಕಿದ ಕೂಡಲೇ ನಿನ್ನ ಅಮ್ಮನ ಮುಖ ಅರಳಿತು. "ಅಯ್ಯೋ, ಇದು ನನಗೆ ಗೊತ್ತು! ಇದೇ ಹಳದಿ ಬಣ್ಣ, ಇದೇ ಟೆಟ್ರಾಸೈಕ್ಲಿನ್. ನಮ್ಮ ಮಾರಿತ್ ಮೊಡವೆಗೆ ತಗೋತಿದ್ದಳು" ಎಂದಳು. ಹಳೆಯ ನೆಂಟರು ಸಿಕ್ಕ ಹಾಗಿತ್ತು ಅವಳ ದನಿ. ನಾನು ಅಭ್ಯಾಸಬಲದಿಂದ ಒಂದು ಲೋಟ ಹಾಲು ತಂದು ಮುಂದಿಟ್ಟೆ. ಡ್ವೊರಾಕ್ ನನ್ನ ಕೈ ಹಿಡಿದುಬಿಟ್ಟಳು. "ಬೇಡ್ರೀ ಅಜ್ಜಿ! ಈ ಮಾತ್ರೆಗೆ ಹಾಲು ಶತ್ರು. ಹಾಲಲ್ಲಿರೋ ಸುಣ್ಣದ ಅಂಶ ಇದನ್ನ ಹೊಟ್ಟೇಲೇ ಹಿಡ್ಕೊಂಡ್ಬಿಡತ್ತೆ, ರಕ್ತಕ್ಕೆ ಹೋಗೋಕೆ ಬಿಡಲ್ಲ. ನೀರು ಕೊಡಿ, ಬರೀ ನೀರು" ಎಂದಳು. ನಾನು ನೀರು ತಂದೆ. ನಿನ್ನ ಅಮ್ಮ ಮಾತ್ರೆ ಹಿಡಿದುಕೊಂಡು ಹಾಗೇ ಕೂತಿದ್ದಳು. ಆಮೇಲೆ ಮೆಲ್ಲಗೆ, "ಊಟದ ಜೊತೆ ಬೇಡ, ಖಾಲಿ ಹೊಟ್ಟೇಲಿ ತಗೋ ಅಂತ ಹೇಳ್ತಾರಲ್ಲ... ಅಂದ್ರೆ ಹಾಲೂ ಬೇಡ ಅಂತಾನಾ?" ಎಂದು ಕೇಳಿದಳು. ಡ್ವೊರಾಕ್ ನಕ್ಕಳು. "ಹಾಲು ಊಟ ಅಲ್ದೆ ಮತ್ತೇನಮ್ಮಾ?" ನಿನ್ನ ಅಮ್ಮ ಬಿಡಲಿಲ್ಲ. "ಯಾರಾದ್ರೂ ದಿನಾ ಹಾಲಿನ ಜೊತೇನೇ ತಗೊಂಡ್ರೆ? ತುಂಬಾ ಕಾಲ?" "ಮಾತ್ರೇನೂ ದಂಡ, ಹಾಲೂ ದಂಡ" ಎಂದು ಆ ಪುಣ್ಯಾತ್ಗಿತ್ತಿ ಚೀಲ ಮುಚ್ಚಿಕೊಂಡು ಹೊರಟಳು. ಪಾಪ, ಅವಳಿಗೇನು ಗೊತ್ತು, ಯಾರಿಗೆ ಏನು ಹೇಳಿದೆನೆಂದು.

ನಿನಗೆ ಅರ್ಥವಾಗಿರಬೇಕು ಮಗಳೇ. ಅಂದು ನಿನಗೆ ಮಾತ್ರೆ ಬರೆದುಕೊಟ್ಟ ಮುದುಕ ಡಾಕ್ಟರ್ ಫ್ಲಾಟೆನ್ ತಪ್ಪೇನೂ ಹೇಳಿರಲಿಲ್ಲ. ಊಟಕ್ಕೆ ಮುಂಚೆ, ಖಾಲಿ ಹೊಟ್ಟೆಗೆ ಎಂದಿದ್ದರು. ಖಾಲಿ ಹೊಟ್ಟೆಗೆ ನುಂಗಿ ನಿನಗೆ ಹೊಟ್ಟೆ ತೊಳಸಿತು, ಶಾಲೆಯ ಬಸ್ಸಿನಲ್ಲಿ ವಾಂತಿಯಾಯಿತು. ಅದಕ್ಕೆ ನಿನ್ನ ಅಮ್ಮ ಹಾಲು ಕೊಟ್ಟಳು. ಊಟ ಮಾಡಬೇಡ ಎಂದಿದ್ದಾರೆ, ಹಾಲು ಊಟವೇ? ಈ ಮನೆಯಲ್ಲಿ ಹಾಲನ್ನು ಊಟವೆಂದು ಎಣಿಸಿದವರು ಯಾರಿದ್ದರು ಹೇಳು. ಬಾಯಾರಿದರೆ ಹಾಲು, ಹೊಟ್ಟೆ ಕೆಟ್ಟರೆ ಹಾಲು, ನಿದ್ದೆ ಬಾರದಿದ್ದರೆ ಹಾಲು. ನೀರೇನಿದ್ದರೂ ದನಕ್ಕೆ, ಪಾತ್ರೆ ತೊಳೆಯುವುದಕ್ಕೆ. ಬೆಳಿಗ್ಗೆ ಹಾಲು ಕರೆದು ಬಂದು, ಕೈ ತೊಳೆದು, ಇನ್ನೂ ಬೆಚ್ಚಗಿರುವ ಹಾಲನ್ನು ಲೋಟಕ್ಕೆ ಸುರಿದು, ಮಾತ್ರೆ ಹಿಡಿದು ಮೆಟ್ಟಿಲ ಕೆಳಗೆ ನಿಂತು ಕೂಗುತ್ತಿದ್ದಳು. "ಮಾರಿತ್, ಬಾರೇ, ಬಿಸಿ ಆರತ್ತೆ!" ಸಂಜೆಯೂ ಅಷ್ಟೇ. ಒಂದು ಹೊತ್ತೂ ತಪ್ಪಿಸಲಿಲ್ಲ. ತಪ್ಪಿಸಿದ್ದರೆ, ಮರೆತಿದ್ದರೆ, ಸೋಮಾರಿಯಾಗಿದ್ದರೆ ನಿನಗೆ ಒಳ್ಳೆಯದಾಗುತ್ತಿತ್ತೋ ಏನೋ. ಅಷ್ಟು ಅಚ್ಚುಕಟ್ಟಾಗಿ ಪ್ರೀತಿ ಮಾಡುವವರನ್ನು ನಾನು ಬೇರೆ ಕಂಡಿಲ್ಲ.

ಮುಖ ಮಾತ್ರ ಉರಿಯುತ್ತಲೇ ಹೋಯಿತು. ಕೆಂಪು ಗಂಟು, ಕೀವು, ಗುಳಿ. ದಿಂಬಿನ ಚೀಲದ ಮೇಲೆ ರಕ್ತದ ಚುಕ್ಕಿ ನೋಡಿ ನಿನ್ನ ಅಮ್ಮ ಅದನ್ನು ನಿನಗೆ ಕಾಣದ ಹಾಗೆ ಒಗೆದುಹಾಕುತ್ತಿದ್ದಳು, ನೀನು ಅದನ್ನೇ ಅವಳಿಗೆ ಕಾಣದ ಹಾಗೆ ಮಡಿಸಿಡುತ್ತಿದ್ದೆ. ಊರ ಬಾಯಿಗೆ ಬೀಗವೆಲ್ಲಿದೆ? ಚರ್ಚಿನ ನೆಲಮಾಳಿಗೆಯಲ್ಲಿ ನೀನು ಕಾಫಿ ಹಂಚುತ್ತಿದ್ದಾಗ ಹಿಲ್ಮಾ ನಿನ್ನ ಮುಖ ನೋಡಿ ಎಲ್ಲರೆದುರು, "ಸೋಪು ತೀರಾ ದುಬಾರಿ ಆಗಿದ್ಯೇನೇ ನಿಮ್ಮನೇಲಿ?" ಎಂದಳು. ನಾನು ಅವಳ ಕಪ್ಪಿಗೆ ಉಪ್ಪು ಹಾಕಿದೆ, ಇದು ನಿನಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. ಚರ್ಚಿನ ಹಾಡುವ ತಂಡದಲ್ಲಿ ಮುಂದಿನ ಸಾಲಿನಲ್ಲಿದ್ದವಳು ನೀನು ಎತ್ತರದ ಹುಡುಗರ ಬೆನ್ನಹಿಂದೆ ಹೋಗಿ ನಿಂತೆ, ಆಮೇಲೆ ಹಾಡುವುದನ್ನೇ ಬಿಟ್ಟೆ. ನಿನ್ನ ಅಪ್ಪನಿಗೂ ಸಹನೆ ತಪ್ಪಿ ಒಂದು ದಿನ ಊಟದ ಮೇಜಿನಲ್ಲಿ ಕೂಗಾಡಿದ. "ಮಾತ್ರೆ ನುಂಗ್ತೀಯೋ, ಬೆಕ್ಕಿಗೆ ಹಾಕ್ತೀಯೋ? ನುಂಗಿದ್ರೆ ಯಾಕೆ ವಾಸಿ ಆಗಲ್ಲ?" ನೀನು ತಟ್ಟೆ ಬಿಟ್ಟು ಎದ್ದೆ. ನಿನ್ನ ಅಮ್ಮ ಹುಲಿಯಂತೆ ಎರಗಿದಳು. "ನನ್ನ ಕಣ್ಣೆದುರೇ ನುಂಗ್ತಾಳೆ ರೀ! ನನ್ನ ಕೈಯಾರೆ ಹಾಲು ಕುಡಿಸ್ತೀನಿ!" ಈಗ ಆ ಮಾತು ನನ್ನ ಕಿವಿಯಲ್ಲಿ ಕೂತು ಹೋಗುವುದೇ ಇಲ್ಲ. ನಿನ್ನ ದನಿ ಚೆಂದವೆಂದು ಟೆಲಿಫೋನಿನವರು ಕೆಲಸ ಕೊಟ್ಟರೆಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ. ಆದರೆ ಮುಖ ಯಾರಿಗೂ ಕಾಣಿಸದ ಕೆಲಸವನ್ನು ನೀನೇ ಹುಡುಕಿಕೊಂಡು ಹೋದೆ ಎನ್ನುವುದು ನನಗೆ ಗೊತ್ತಿಲ್ಲದೆ ಇಲ್ಲ.

ಡ್ವೊರಾಕ್ ಹೋದ ಮೇಲೆ ನಿನ್ನ ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ನೋವಿರಬೇಕೆಂದು ನಾನು ಬೆನ್ನು ಸವರಿದೆ. "ಅಮ್ಮಾ, ಅವಳ ಮುಖ ಹಾಳು ಮಾಡಿದ್ದು ನಾನೇ" ಎಂದಳು. ಹುಚ್ಚಿ, ಸುಮ್ಮನಿರು ಎಂದೆ. ಮಾತ್ರೆ ಸರಿಯಾಗಿ ಒಳಗೆ ಹೋಗಿದ್ದರೂ ಮೊಡವೆ ಹೋಗುತ್ತಿತ್ತೆಂದು ಯಾರು ಬರೆದುಕೊಟ್ಟಿದ್ದಾರೆ, ಎಷ್ಟೋ ಜನಕ್ಕೆ ಹೋಗುವುದಿಲ್ಲ ಎಂದೆ. "ಹೋಗ್ತಿತ್ತೋ ಇಲ್ವೋ, ನೋಡೋದಕ್ಕೂ ನಾನು ಬಿಡಲಿಲ್ಲವಲ್ಲ" ಎಂದಳು. ಓರ್ಲಿನ್‌ಗೂ ಹೇಳಬೇಡ, ಮಾರಿತ್‌ಗಂತೂ ಹೇಳಲೇಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಳು. ಅಂದಿನಿಂದ ಅವಳು ಹಾಲು ಮುಟ್ಟಿಲ್ಲ. ಓರ್ಲಿನ್ ಸಂಜೆ ಹಾಲು ಕರೆದು ಬಂದವನು ಬೂಟು ಬಿಚ್ಚುವ ಮೊದಲೇ ಅವಳಿಗೊಂದು ಲೋಟ ತರುತ್ತಾನೆ, "ಅಲ್ಲಿಡಿ, ಆಮೇಲೆ ಕುಡೀತೀನಿ" ಎನ್ನುತ್ತಾಳೆ. ಹೆಂಡತಿಗೆ ಹಾಲೂ ಸೇರದಾಯಿತು, ಇನ್ನು ಮುಗಿಯಿತು ಎಂದುಕೊಂಡು ಆ ಮನುಷ್ಯ ಕೊಟ್ಟಿಗೆಗೆ ಹೋಗಿ ಅಳುತ್ತಾನೆ. ನಿಜ ಹೇಳಲು ನನ್ನ ನಾಲಿಗೆ ಕಟ್ಟಿದೆ. ಮೊನ್ನೆ ಕೆಚ್ಚಲು ಬಾವು ಬಂದ ಹಸುವಿಗೆ ಸೂಜಿಮದ್ದು ಕೊಟ್ಟಿದ್ದ, ಮದ್ದು ಬೆರೆತ ಅದರ ಹಾಲು ಡೈರಿಯ ಲಾರಿಗೆ ಸೇರಬಾರದೆಂದು ಬಕೆಟ್ಟುಗಟ್ಟಲೆ ಹೊರಗೆ ಚೆಲ್ಲುತ್ತಿದ್ದ. ಕಿಟಕಿಯಿಂದ ಅದನ್ನು ನೋಡಿ ನಿನ್ನ ಅಮ್ಮ, "ಹಸು ವಿಷಯದಲ್ಲಿ ಮಾತ್ರ ನಮಗೆ ಎಷ್ಟು ಎಚ್ಚರ ನೋಡಮ್ಮಾ" ಎಂದಳು. ನಾನು ಅಡಿಗೆಯ ಏಪ್ರನ್ನಿನಲ್ಲೇ ಮುಖ ಮುಚ್ಚಿಕೊಂಡು ಅಡಿಗೆಮನೆಗೆ ಬಂದೆ.

ಕೊಟ್ಟ ಮಾತು ಮುರಿದು ಇದನ್ನೆಲ್ಲ ನಿನಗೆ ಬರೆಯುತ್ತಿದ್ದೇನೆ. ಸಾಯುವವಳಿಗೆ ಕೊಟ್ಟ ಮಾತು ಮುರಿಯುವುದು ಪಾಪವಾದರೆ ಆಗಲಿ, ನನ್ನ ಪಾಲಿಗೆ ಬಂದದ್ದನ್ನು ನಾನು ಉಣ್ಣುತ್ತೇನೆ. ಅವಳು ಈ ಭಾರ ಹೊತ್ತುಕೊಂಡು ಹೋಗುವುದನ್ನು ಮಾತ್ರ ನೋಡಲಾರೆ. ನಿನಗೆ ಸಿಟ್ಟು ಬರುತ್ತದೆ, ಬರಲಿ. ಆ ವರ್ಷಗಳು ನಿನ್ನವು, ಆ ಕನ್ನಡಿ ನಿನ್ನದು, ಸಿಟ್ಟು ಮಾಡಬೇಡ ಎನ್ನಲು ನಾನ್ಯಾರು? ಸಿಟ್ಟನ್ನೆಲ್ಲ ಬಸ್ಸಿನಲ್ಲೇ ಮುಗಿಸಿಕೊಂಡು ಬಾ, ಅಷ್ಟೇ ನಾನು ಕೇಳುವುದು. ಬಂದು ಅವಳ ಪಕ್ಕ ಕೂರು. ನಿನಗೆ ವಿಷಯ ಗೊತ್ತಿದೆಯೆಂದು ತೋರಿಸಿಕೊಳ್ಳಬೇಡ, ಕ್ಷಮಿಸಿದೆ ಗಿಮಿಸಿದೆ ಎಂದು ದೊಡ್ಡ ಮಾತಾಡಬೇಡ, ನಾನು ಬಾಯಿ ಬಿಟ್ಟೆನೆಂದು ಅವಳಿಗೆ ತಿಳಿದುಹೋಗುತ್ತದೆ. ಸುಮ್ಮನೆ ಅವಳ ಕೈಯಿಂದ ಏನಾದರೂ ಇಸಿದುಕೊಂಡು ತಿನ್ನು. ಅವಳು ಕೊಟ್ಟದ್ದು ನಿನಗೆ ಸೇರುತ್ತದೆ ಎನ್ನುವುದನ್ನು ಅವಳು ಒಮ್ಮೆ ಕಣ್ಣಾರೆ ಕಾಣಲಿ.

ನಿನ್ನ ಅಪ್ಪ ನಿನ್ನನ್ನು ನೆನೆಯುತ್ತಾನೆ, ಬಾಯಿ ಬಿಟ್ಟು ಹೇಳುವ ಜಾತಿಯಲ್ಲ ಅವನು. ದೇವರು ನಿನ್ನನ್ನು ಕಾಯಲಿ. ನಾನು ಅವನ ಜೊತೆ ಮಾತು ಬಿಟ್ಟಿದ್ದರೂ ನಿನ್ನ ಹೆಸರು ಬಂದಾಗ ಮಾತ್ರ ಬೇಡಿಕೊಳ್ಳುತ್ತೇನೆ.

ನಿನ್ನ,
ಬೋರ್ಗಿಲ್ಡ್ ಅಜ್ಜಿ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಸಿಕ್ಕಿಬಿದ್ದೆ. ಯಾರಿಗಮ್ಮಾ ಇಷ್ಟುದ್ದ ಕಾಗದ ಎಂದು ನಿನ್ನ ಅಮ್ಮ ಕೇಳಿದಳು, ಸುಳ್ಳು ಹೇಳಲಾಗಲಿಲ್ಲ. ಬೈಯಲಿಲ್ಲ. ಹಾಗಾದರೆ ಇದನ್ನೂ ಬರಿ ಎಂದಳು. ಅವಳು ಹೇಳಿದ ಹಾಗೇ ಬರೆಯುತ್ತಿದ್ದೇನೆ. "ಕ್ರಿಸ್‌ಮಸ್‌ಗೆ ಬಂದಾಗ ದೀಪದಿಂದ ದೂರ ಕೂತಿದ್ದಳು. ಮುಖದ ತುಂಬ ಪೌಡರು ಬಳ್ಕೊಂಡಿದ್ದಳು. ಅವಳಿಗೆ ಬೇಜಾರಾಗಬಾರದು ಅಂತ ನಾನೂ ಬೇರೆ ಕಡೆ ನೋಡ್ಕೊಂಡೇ ಮಾತಾಡಿದೆ. ಈ ಸಲ ಏನೂ ಹಚ್ಕೊಳ್ದೆ ಬರಲಿ. ಹಗಲಲ್ಲಿ ಬರಲಿ, ಕಿಟಕಿ ಹತ್ರ ಕೂತ್ಕೊಳ್ಳಲಿ. ಹುಟ್ಟಿದ ದಿನ ನರ್ಸು ತಂದು ಕೈಗಿಟ್ಟಾಗ ಹೇಗೆ ನೋಡಿದ್ನೋ ಹಾಗೆ ನನ್ನ ಮಗಳ ಮುಖಾನ ಪೂರ್ತಿ ನೋಡ್ಬೇಕು." ಹಾಲಿನ ಲಾರಿ ಅಂಗಳಕ್ಕೆ ಬಂತು, ಕಾಗದವನ್ನು ಅದರ ಡ್ರೈವರನ ಕೈಲೇ ಕಳಿಸುತ್ತಿದ್ದೇನೆ. ನೋವಿನ ಮದ್ದು ಏರಿಸಿದ್ದಾರೆ ಮಾರಿತ್, ಈಗ ಬೆಳಗಿನ ಹೊತ್ತು ಮಾತ್ರ ಅವಳಿಗೆ ಎಚ್ಚರವಿರುತ್ತದೆ, ಅದೂ ದಿನದಿನಕ್ಕೆ ಕಡಿಮೆಯಾಗುತ್ತಿದೆ. ಭಾನುವಾರದವರೆಗೆ ಕಾಯಬೇಡ.