ಬಿಲ್ಲೆಯ ಮೇಲಿನ ಬೆರಳಚ್ಚು

ಭಾನುವಾರ, ಮಾರ್ಚ್ 14

ಮುದ್ದಿನ ಮಗಳೇ,

ಅಪ್ಪನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ, ಮಂಡಿನೋವು ಎಂದಿನಷ್ಟೇ ಇದೆ. ಈ ಕಾಗದವನ್ನು ಮೂರು ವಾರದ ಹಿಂದೆಯೇ ಬರೆಯಬೇಕಿತ್ತು. ತಡವಾಯಿತು, ಕ್ಷಮಿಸು. ಫೋನಿನಲ್ಲೇ ಹೇಳೋಣವೆಂದು ಮೂರು ಸಲ ಹೊರಟೆ. ಆ ಕಡೆಯಿಂದ ನೀನು "ಹೇಳಪ್ಪ" ಅಂದ ಕೂಡಲೇ, ಕ್ಯಾಂಪಿನಲ್ಲಿ ಸೊಳ್ಳೆ ಇದೆಯಾ, ನೀರು ಕಾಯಿಸಿ ಕುಡೀತೀಯಾ ಎಂದೇನೋ ಕೇಳಿ ಇಟ್ಟುಬಿಟ್ಟೆ.

ಮೊದಲು ಸುದ್ದಿ. ನಿನ್ನ ಲ್ಯಾಪ್‌ಟಾಪಿನಲ್ಲಿದ್ದ ನಲವತ್ತೊಂದು ಬಾವಿಗಳ ಮೂರು ವರ್ಷದ ನೀರಿನ ಅಳತೆಯಲ್ಲಿ ಎರಡು ವರ್ಷದ್ದು ಸಿಕ್ಕಿದೆ. ಮೊದಲ ವರ್ಷದ್ದು ಹೋಯಿತು. ಸಿಕ್ಕಿದ್ದನ್ನು ಪೆನ್‌ಡ್ರೈವಿಗೆ ಹಾಕಿಸಿ ಇದರ ಜೊತೆ ಕಳಿಸಿದ್ದೇನೆ. ನೀನು ವರದಿ ಕೊಡಲು ಇನ್ನು ಹದಿನಾರು ದಿನವಷ್ಟೇ ಉಳಿದಿದೆ. ಮೂರು ವರ್ಷದ ಹಿಂದಿನ ನೀರನ್ನು ಈಗ ಟೇಪು ಇಳಿಸಿ ಅಳೆಯಲಾಗುವುದಿಲ್ಲ ಎಂಬುದೂ ನನಗೆ ಗೊತ್ತು.

ಇನ್ನು ನಡೆದ ಸಂಗತಿ. ಕ್ಯಾಂಪಿಗೆ ಹೊರಟ ಶುಕ್ರವಾರ ನೀನು ಕೆಟ್ಟುನಿಂತ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟು ಹೇಳಿದ್ದು ಇಷ್ಟೇ: "ಸೋಮವಾರ ಇವರು ಬಂದು ಅಂಗಡಿಗೆ ತಗೊಂಡು ಹೋಗ್ತಾರೆ. ಅಲ್ಲೀವರೆಗೂ ಇಟ್ಕೊಂಡಿರು ಸಾಕು. ಬಿಚ್ಚೋಕೆ ಹೋಗ್ಬೇಡಪ್ಪ, ಇದು ಗಡಿಯಾರ ಅಲ್ಲ." ನೀನು ನಗುತ್ತಲೇ ಅಂದೆ. ನಾನೂ ನಕ್ಕೆ. ಆದರೆ ಈ ಮನೆಯಲ್ಲಿ ಕೆಟ್ಟ ವಸ್ತುವೊಂದು ನನ್ನ ಮೇಜಿಗೆ ಬಂದು, ಬೇರೆಯವರ ಕೈಗೆ ಹೋಗಲೆಂದು ಕಾದು ಕೂತದ್ದು ಅದೇ ಮೊದಲು.

ಶನಿವಾರ ಆನ್ ಮಾಡಿ ನೋಡಿದೆ. ಪರದೆ ಬೆಳಗಿ ಅಲ್ಲೇ ನಿಂತಿತು. ಚಾರ್ಜರ್ ಬದಲಾಯಿಸಿದೆ, ಬ್ಯಾಟರಿ ತೆಗೆದು ಹಾಕಿದೆ. ಅದೇ ಕಥೆ. ಕಿವಿಗೊಟ್ಟಾಗ ಒಳಗಿನಿಂದ ಟಿಕ್, ಟಿಕ್, ಆಮೇಲೆ ಒಂದು ತಡೆ. ನಲವತ್ತು ವರ್ಷ ವಾಚ್ ರಿಪೇರಿ ಮಾಡಿದವನಿಗೆ ಕುಂಟುವ ಸದ್ದು ಕೇಳಿದರೆ ಸುಮ್ಮನಿರಲಾಗುತ್ತದೆಯೇ? ಭಾನುವಾರ ಬೆಳಿಗ್ಗೆ ಭೂತಗನ್ನಡಿ ಕಣ್ಣಿಗೇರಿಸಿ ಹಾರ್ಡ್ ಡಿಸ್ಕ್ ಹೊರತೆಗೆದೆ. ಅದರ ಮೇಲೆ ತೆಗೆಯಬಾರದೆಂದು ಒಂದು ಚೀಟಿ ಇತ್ತು. ಅಂಥ ಚೀಟಿಗಳನ್ನು ಎಷ್ಟೋ ನೋಡಿದ್ದೇನೆ ಎಂದುಕೊಂಡು ಕಿತ್ತು, ಮುಚ್ಚಳ ಬಿಚ್ಚಿದೆ.

ಒಳಗೆ ಕನ್ನಡಿಯಂಥ ಬಿಲ್ಲೆ. ಅದರ ಮೇಲೆ ಮುಳ್ಳಿನ ಹಾಗೆ ಒಂದು ಸಣ್ಣ ತೋಳು. ತೋಳನ್ನು ಚಿಮಟದಿಂದ ಪಕ್ಕಕ್ಕೆ ಸರಿಸಲು ಹೋದೆ. ವರ್ಷದಿಂದ ನನ್ನ ಬಲಗೈ ನಡುಗುತ್ತಿದೆ, ನಿನಗೆ ಹೇಳಿರಲಿಲ್ಲ. ಚಿಮಟ ಜಾರಿ ಹೆಬ್ಬೆರಳು ಬಿಲ್ಲೆಯ ಮೇಲೆ ಊರಿತು. ಡಯಲ್ ಒರೆಸುವ ಚರ್ಮದ ತುಂಡಿನಿಂದ ಒರೆಸಿದೆ. ಮುಚ್ಚಿ, ಮತ್ತೆ ಆನ್ ಮಾಡಿದೆ. ಕರಕರ ಸದ್ದು ಬಂತು, ಆಮೇಲೆ ಅದೂ ಇಲ್ಲ.

ಸೋಮವಾರ ಅಳಿಯಂದಿರು ಬಂದಾಗ ನಾನು ಅಂದದ್ದು: "ಹೋದ ವಾರ ನಿಮ್ಮ ಸ್ಕೂಟರಿಂದ ಲ್ಯಾಪ್‌ಟಾಪ್ ಬ್ಯಾಗ್ ಬಿದ್ದಿತ್ತಲ್ಲ, ಆ ಪೆಟ್ಟೇ ಇರಬೇಕು." ಅವರು ತಲೆ ತಗ್ಗಿಸಿ "ಇರಬಹುದು ಮಾವ" ಅಂದರು. ನೀನು ಫೋನಿನಲ್ಲಿ ಅವರಿಗೆ ಏನೇನು ಅಂದೆಯೋ, ಅಂದಿನಿಂದ ಮಾತು ಬಿಟ್ಟಿದ್ದೀಯೆ ಎಂದು ಮಾತ್ರ ತಿಳಿಯಿತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಅಂಗಡಿಯವರು ಕೈಚೆಲ್ಲಿದ ಮೇಲೆ, ಕೆಟ್ಟ ಡಿಸ್ಕಿನಿಂದ ಫೈಲು ತೆಗೆಯುವವರ ಹತ್ತಿರ ನಾನೇ ಒಯ್ಯುತ್ತೇನೆಂದು ಹಟ ಹಿಡಿದೆ. ನಿನಗೆ ಅದು ಪ್ರೀತಿ ಎನಿಸಿತ್ತು. ಅಲ್ಲ, ಬಿಚ್ಚಿದ ಗುರುತು ಅಳಿಯಂದಿರ ಕಣ್ಣಿಗೆ ಬೀಳದಿರಲೆಂದು. ಅಲ್ಲಿ ಕೂತಿದ್ದ ಹೆಂಗಸು ಮುಚ್ಚಳ ತೆಗೆದವಳೇ ಕೇಳಿದಳು, "ಇದನ್ನ ಯಾರ್ರೀ ಬಿಚ್ಚಿದ್ದು?"

"ಯಾರೋ ರಿಪೇರಿಯವನು," ಅಂದೆ.

"ಬೆರಳಚ್ಚು ಬೇರೆ ಒತ್ತಿದ್ದಾನೆ ಪುಣ್ಯಾತ್ಮ! ಮುಚ್ಚಿದ ಹಾಗೇ ತಂದಿದ್ರೆ ಹೆಚ್ಚುಕಮ್ಮಿ ಎಲ್ಲಾ ತೆಗೀಬಹುದಿತ್ತು. ಅವನ ಕೈಗೆ ಇನ್ಮೇಲೆ ಏನೂ ಕೊಡ್ಬೇಡಿ ಯಜಮಾನರೇ."

ಕೊಡುವುದಿಲ್ಲ ಅಂದೆ. ನನ್ನ ಬಲಗೈ ಜೇಬಿನಲ್ಲಿತ್ತು. ನಲವತ್ತು ವರ್ಷದಲ್ಲಿ ಒಂದು ಡಯಲಿನ ಮೇಲೂ ಅಚ್ಚು ಬಿಟ್ಟವನಲ್ಲ ನಾನು.

ನಿನ್ನ ಮೇಲಧಿಕಾರಿಗೆ ಬೇರೆ ಕಾಗದ ಬರೆದಿದ್ದೇನೆ. ತಪ್ಪು ಯಾರದೆಂದು ಅದರಲ್ಲಿ ನೇರವಾಗಿ ಹೇಳಿ ಸಹಿ ಹಾಕಿದ್ದೇನೆ. ಅದನ್ನೂ ಇದರ ಜೊತೆಗೇ ಇಟ್ಟಿದ್ದೇನೆ, ಕೊಡುವುದು ಬಿಡುವುದು ನಿನ್ನಿಷ್ಟ. ಹೊತ್ತಿಗೆ ಸರಿಯಾಗಿ ಊಟ ಮಾಡು. ಬಾವಿಯ ಕಟ್ಟೆಯ ಮೇಲೆ ಬಗ್ಗುವಾಗ ಹುಷಾರು. ನಿನಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಕೊನೆಗಿಟ್ಟದ್ದು. ನಿನ್ನೆ ನಿಮ್ಮ ಮನೆಗೆ ಹೋಗಿ ಅಳಿಯಂದಿರಿಗೆ ಎಲ್ಲ ಹೇಳಿದೆ. ಅವರು ಅಂಗಿ ಇಸ್ತ್ರಿ ಮಾಡುತ್ತಿದ್ದರು. ಪೂರ್ತಿ ಕೇಳಿ, ಗೂಡಿನಿಂದ ಒಂದು ಬೆಂಕಿಪೊಟ್ಟಣ ತಂದು ತೆರೆದರು. ಒಳಗೆ ಸಾಸಿವೆಯಷ್ಟು ಸಣ್ಣ ಸ್ಕ್ರೂ. "ಆ ಸೋಮವಾರವೇ ನಿಮ್ಮ ಮೇಜಿನ ಕೆಳಗೆ ಸಿಕ್ತು ಮಾವ. ವಾಚಿಂದಲ್ಲ ಅಂತ ಗೊತ್ತಾಯ್ತು. ನೀವೇ ಹೇಳ್ತೀರಿ ಅಂತ ಕಾದೆ."

ಹತ್ತೊಂಬತ್ತು ದಿನ ಕಾದಿದ್ದಾರೆ. ನಿನ್ನ ಬೈಗುಳವನ್ನೆಲ್ಲ ತಿಂದುಕೊಂಡು, ಅದನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡು.

ಸ್ಕ್ರೂವನ್ನು ಈ ಹಾಳೆಯ ಕೆಳಗೆ ಅಂಟಿಸಿದ್ದೇನೆ. ಇದನ್ನು ಓದಿದ ಮೇಲೆ ನನಗೆ ಫೋನ್ ಮಾಡಬೇಡ. ಮೊದಲು ಅವರಿಗೆ ಮಾಡು.