ಎರಡು ರಿಂಗು, ಎರಡು ಗೀಟು

ಮಾತೃಶ್ರೀ ಸಮಾನಳೂ, ನಮ್ಮ ಮನೆಯ ಟೆಲಿಫೋನ್ ಖಾತೆಯ ಸರ್ವಾಧಿಕಾರಿಣಿಯೂ ಆಗಿದ್ದ ಅಜ್ಜಿಗೆ,

ನಿನ್ನ ಕಿಡಿಗೇಡಿ ಮೊಮ್ಮಗಳು ಅಮೆರಿಕದ ನಾರ್ತ್‌ವಿಲ್‌ನಿಂದ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕ್ಷೇಮದ ಬಗ್ಗೆ ಬರೆಯುತ್ತಿರು ಅನ್ನೋಣವೆಂದರೆ, ಅಲ್ಲಿಂದ ಟಪಾಲು ಯಾವ ದಾರಿಯಲ್ಲಿ ಬರುತ್ತದೋ...

ಮೈಸೂರಿನ ನಡುಮನೆಯಲ್ಲಿ ಫೋನಿನ ಪಕ್ಕ ಕೂತು ನೀನು ಹೊರಡಿಸಿದ ಕಾನೂನು ನೆನಪಿದೆಯಾ? ಯಾರು ಎಲ್ಲಿಗೆ ಹೋದರೂ, ತಲುಪಿದ ಮೇಲೆ ಒಂದು ರಿಂಗು ಕೊಟ್ಟು ಕಟ್ ಮಾಡಬೇಕು. ಒಳ್ಳೇ ಸುದ್ದಿಯಿದ್ದರೆ ಎರಡು. ಅಷ್ಟರೊಳಗೆ ಫೋನ್ ಎತ್ತಿದವರಿಗೆ ನಿನ್ನಿಂದ ಸಹಸ್ರನಾಮಾರ್ಚನೆ. "ಒಳ್ಳೇದಕ್ಕೆ ರಿಂಗು ಸಾಕು, ಕೆಟ್ಟದ್ದನ್ನ ಮಾತ್ರ ಬಾಯಲ್ಲೇ ಹೇಳ್ಬೇಕು ಕಣೇ" ಅನ್ನುತ್ತಿದ್ದೆ. ಮೂರನೇ ರಿಂಗು ಅಂದರೆ ಕೆಟ್ಟ ಸುದ್ದಿ. ಅದು ಕೇಳಿದರೆ ಅಡಿಗೆಮನೆಯಲ್ಲಿ ಒಗ್ಗರಣೆ ಸೀದುಹೋದರೂ ಯಾರೂ ಅಲುಗಾಡುತ್ತಿರಲಿಲ್ಲ. ನೀನು ಹೋದ ಮೇಲೂ ಅಕ್ಕನ ಮನೆಯಲ್ಲಿ ಆ ಕಾನೂನು ಜಾರಿಯಲ್ಲಿದೆ. ಫೋನು ಪುಕ್ಕಟೆಯಾದರೇನು, ಕಾನೂನು ಕಾನೂನೇ.

ಆಬರ್ನ್ ಹಿಲ್ಸ್ ಆಫೀಸಿನಿಂದ ಭಾವ ಮೇಜಿನ ಮೇಲಿನ ಗಿಡದ ಕುಂಡವನ್ನು ಎತ್ತಿಕೊಂಡು ಬಂದ ದಿನ ಹೊರಗೆ ಇನ್ನೂ ಹಿಮ ಇತ್ತು. ಅವರೊಬ್ಬರದೇ ಅಲ್ಲ, ಅವರ ಸಾಲಿನ ಎಲ್ಲರ ಕೆಲಸವೂ ಹೋಗಿತ್ತು. ಬೇಗ ಇನ್ನೊಂದು ಸಿಗದಿದ್ದರೆ ವೀಸಾ ಇಲ್ಲ, ಎಲ್ಲರೂ ಮೈಸೂರಿಗೆ. ಇಲ್ಲೇ ಹುಟ್ಟಿದ ಅವರ ಮಗಳು ನಿಧಿಗೆ ಈಗ ಒಂಬತ್ತು ವರ್ಷ. ಯಾರೂ ಅವಳಿಗೆ ಏನೂ ಹೇಳಿರಲಿಲ್ಲ. ಆದರೂ ಒಂದು ದಿನ ನೋಡಿದರೆ, ತನ್ನ ಗೊಂಬೆಗಳನ್ನೆಲ್ಲ ರಟ್ಟಿನ ಡಬ್ಬಕ್ಕೆ ತುಂಬಿ, ಮೇಲೆ ದಪ್ಪಕ್ಷರದಲ್ಲಿ ಮೈಸೂರು ಅಂತ ಬರೆದಿಟ್ಟಿದ್ದಾಳೆ. ಏನು ಹೇಳಲಿ ಅವಳಿಗೆ?

ಭಾವ ಕೊನೇ ಸುತ್ತಿನ ಇಂಟರ್‌ವ್ಯೂಗೆಂದು ಶಿಕಾಗೋ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ಗೆ ಹೋದ ದಿನ, ಅಕ್ಕ ಮಕ್ಕಳಿಬ್ಬರನ್ನೂ ನನ್ನ ಕುತ್ತಿಗೆಗೆ ಕಟ್ಟಿ, ಎಲ್ಲಿಗಾದರೂ ಕರ್ಕೊಂಡು ಹೋಗು ಅಂದಳು. ಹಿಂದೆ ಡೆಟ್ರಾಯ್ಟ್‌ನಿಂದ ಶಿಕಾಗೋಗೆ ಕುದುರೆಗಾಡಿಯಲ್ಲಿ ಟಪಾಲು ಸಾಗಿಸುತ್ತಿದ್ದ ಹಳೇ ರಸ್ತೆಯಿದೆ. ಅದರ ಪಕ್ಕದ ಹಳೇ ಛತ್ರವೊಂದು ಈಗ ಟಪಾಲಿನ ಮ್ಯೂಸಿಯಂ. ಅಲ್ಲಿಗೆ ಡ್ರೈವ್ ಮಾಡಿದೆ. ಕಾಡು, ಜೌಗು, ಚಕ್ರ ಹೂತರೆ ಪ್ರಯಾಣಿಕರೇ ಇಳಿದು ತಳ್ಳಬೇಕಿತ್ತಂತೆ. ಆರು ವರ್ಷದ ವಿಭು ಇದನ್ನು ಕೇಳಿ, ನಮ್ಮ ವ್ಯಾನಿಗೂ ಹಾಗೇ ಆಗಲಿ ಅಂತ ಹರಸಿದ.

ಗಾಜಿನೊಳಗಿದ್ದ ಮಡಿಸಿದ ಕಾಗದದ ಮುಂದೆ ಗೈಡಮ್ಮ ನಿಂತರು. ಬೆಳ್ಳಿ ಕೂದಲು, ಥೇಟ್ ನಿನ್ನ ಥರ ಸೊಂಟದ ಮೇಲೆ ಕೈ. ಆಗೆಲ್ಲ ಟಪಾಲಿನ ದುಡ್ಡು ಕೊಡಬೇಕಾದವರು ಕಾಗದ ಬಿಡಿಸಿಕೊಳ್ಳುವವರಂತೆ. ಅದಕ್ಕೇ ಕೆಲವರು ಒಳಗೆ ಏನೂ ಬರೆಯದೆ, ಹೊರಗೆ ಮೂಲೆಯಲ್ಲಿ ಗುಟ್ಟಾಗಿ ಗೀಟು ಹಾಕುತ್ತಿದ್ದರಂತೆ. ಒಂದು ಗೀಟು, ತಲುಪಿದೆವು. ಎರಡು, ಮಗು ಹುಟ್ಟಿತು. ಮನೆಯವರು ಗೀಟು ನೋಡಿ, ಬೇಡ ಅಂತ ಕಾಗದ ವಾಪಸ್ ಕಳಿಸುತ್ತಿದ್ದರು. ಆ ಕಾಗದದ ಅರಗು ಇವತ್ತಿನವರೆಗೂ ಒಡೆದಿಲ್ಲ.

"ದಟ್ಸ್ ಅ ಮಿಸ್ಡ್ ಕಾಲ್," ಅಂದಳು ನಿಧಿ. "ದೇ ಹ್ಯಾಡ್ ಅಜ್ಜಿಸ್ ರೂಲ್."

ಅಜ್ಜಿ, ನಿನ್ನಾಣೆ, ಗಾಜಿಗೆ ಮೂಗು ಒತ್ತಿ ಇನ್ನೊಮ್ಮೆ ನೋಡಿದೆ. ಒಂದು ಖಾಲಿ ಹಾಳೆ. ಅದನ್ನು ಹೊತ್ತು ಅಷ್ಟು ಕುದುರೆಗಳು, ಅಷ್ಟು ಕೆಸರು, ಅಷ್ಟು ದಿನ... ಬದುಕಿದ್ದೇವೆ ಅನ್ನುವ ಒಂದು ಗೀಟಿಗೋಸ್ಕರ! ನಿನ್ನನ್ನೇ ನೋಡದ ಯಾರೋ ನಿನ್ನ ಕಾನೂನನ್ನು ನಿನಗಿಂತ ಮುಂಚೆ ಈ ಕಾಡಿನಲ್ಲಿ ಪಾಲಿಸಿದ್ದರಲ್ಲ, ಹೇಗೆ?

ಗಾಂಭೀರ್ಯ ನನಗೆ ಹೆಚ್ಚು ಹೊತ್ತು ಒಗ್ಗದು. ಗಾಡಿಯವನ ಟೋಪಿ ಹಾಕಿಕೊಂಡು, ಮಕ್ಕಳ ಜೊತೆ ಟಪಾಲು ಗಾಡಿಯ ಮೇಲೇರಿ, ಫೋಟೋ ತೆಗೆಯಿರಿ ಅಂತ ನನ್ನ ಫೋನನ್ನು ಗೈಡಮ್ಮನ ಕೈಗೆ ಕೊಟ್ಟೆ. ಸಮಸ್ತ ಪ್ರಜೆಗಳನ್ನು ಉದ್ದೇಶಿಸಿ ಭಾಷಣ ಶುರು ಮಾಡಿದ್ದೆ, ಫೋನ್ ಬಡಿಯಿತು. ಪಾಪ, ಮರ್ಯಾದಸ್ಥರು. ಮೊದಲ ರಿಂಗಿಗೇ ಎತ್ತಿ ಹಲೋ ಅಂದರು! ಆ ಕಡೆ ಕಟ್ ಆಯಿತು. ಭಾವನ ನಂಬರು.

ಈಗ ಇದು ಏನು? ಒಂದೇ? ಎರಡಾಗಬೇಕಿದ್ದದ್ದೇ? ಅಥವಾ ಬಾಯಲ್ಲಿ ಹೇಳಬೇಕಾದದ್ದನ್ನು ಪರಕೀಯರ ದನಿ ಕೇಳಿ ನುಂಗಿಕೊಂಡರೇ? ತಿರುಗಿ ಮಾಡೋಣವೆಂದರೆ ನಿಧಿ ನನ್ನ ಕೈ ಬಿಡಲಿಲ್ಲ.

ಮತ್ತೆ ಬಡಿಯಿತು. ಗೈಡಮ್ಮನ ಹೆಬ್ಬೆರಳು ಗುಂಡಿಯ ಕಡೆ ಸರಿಯಿತು. "ಪ್ಲೀಸ್," ಅಂದಳು ನಿಧಿ, "ಡೋಂಟ್ ಓಪನ್ ಇಟ್."

ಅವರಿಗೆ ಅರ್ಥವಾಯಿತು. ಗಾಜಿನೊಳಗಿನ ಕಾಗದದ ಕಡೆ ಒಮ್ಮೆ ನೋಡಿ, ಫೋನನ್ನು ಅಂಗೈ ಮೇಲೆ ಆರತಿ ತಟ್ಟೆಯ ಹಾಗೆ ಹಿಡಿದು ನಿಂತರು. ಒಂದು. ಎರಡು. ಆಮೇಲೆ ಆ ಹಳೇ ಛತ್ರದಲ್ಲಿ ಎಂಥ ಮೌನ ಅಂತೀಯ... ಮೂರನೆಯದು ಬರಲೇ ಇಲ್ಲ.

ಮಕ್ಕಳ ಈ ವರ್ಷದ ಶಾಲೆ ಮುಗಿದ ಕೂಡಲೇ ಅವರೆಲ್ಲ ಹಾಫ್‌ಮನ್ ಎಸ್ಟೇಟ್ಸ್‌ಗೆ ಹೊರಡುತ್ತಾರೆ. ನಿಧಿ ಡಬ್ಬದ ಮೇಲಿನ ಮೈಸೂರು ಹೊಡೆದುಹಾಕಿ ಹೊಸ ಊರು ಬರೆದಿದ್ದಾಳೆ. ಇಷ್ಟುದ್ದ ಬರೆದ ಮೇಲೆ ನೆನಪಾಗುತ್ತಿದೆ, ಇದೆಲ್ಲ ನಿನ್ನ ಕಾನೂನಿಗೆ ವಿರುದ್ಧ. ಅದಕ್ಕೇ ಇದನ್ನು ಮಡಿಸಿ, ಅಂಟಿಸಿ, ಹೊರಗೆ ಮೂಲೆಯಲ್ಲಿ ಎರಡು ಗೀಟು ಹಾಕಿದ್ದೇನೆ. ನೋಡಿಕೊಂಡು, ಬೇಡ ಅಂತ ವಾಪಸ್ ಕಳಿಸಿಬಿಡು ಅಜ್ಜಿ. ಒಡೆಯಬೇಡ.