ಡ್ರೈವರ್ ಪಕ್ಕದ ಸೀಟು

ಜೂನ್ 9, ಭಾನುವಾರ. ಬೆಳಗ್ಗೆ. ಫಿಯೆರ್.

ಒಂದು ತಟ್ಟೆ ಚೀಸ್ ತುಂಬಿದ ಬುರೆಕ್ ರೊಟ್ಟಿ, ಬೇಯಿಸಿದ ಮೊಟ್ಟೆ, ಅತ್ತೆಯ ಬಿ.ಪಿ. ಮಾತ್ರೆ, ಮೊಮ್ಮಗಳಿಗೆ ಉಣ್ಣೆ ಟೋಪಿ... ಎಲ್ಲ ಕಾರಿಗೆ ತುಂಬಿದ್ದಾಯಿತು. ಗಂಡ ಪೆತ್ರಿತ್ ಮಾತ್ರ ಇನ್ನೂ ಬರುತ್ತೇನೆ ಎಂದಿಲ್ಲ. ಹೋದ ಅಕ್ಟೋಬರಿನಲ್ಲಿ ಪಾರ್ಶ್ವವಾಯು ಹೊಡೆದ ಮೇಲೆ ಗೇಟು ದಾಟಿಲ್ಲ. ಮದುವೆಯಾದಾಗಿನಿಂದ ವ್ಯಾನ್ ಓಡಿಸಿಯೇ ನಮ್ಮನ್ನು ಸಾಕಿದವನು. ಈಗ ಬಲಗೈಯಲ್ಲಿ ಲೋಟವೂ ನಿಲ್ಲುವುದಿಲ್ಲ.

ಮಗಳು ಅರ್ತಾ ಉತ್ತರದ ಬೆಟ್ಟದ ಹುಡುಗನನ್ನು ಮದುವೆಯಾಗಿ ಅಲ್ಲೇ ಇದ್ದಾಳೆ. ಅವಳ ಕೂಸನ್ನು ನಾವು ಇನ್ನೂ ನೋಡಿಲ್ಲ. ಕಾರು ಓಡಿಸುವವಳು ನಾನೇ. ಲೈಸೆನ್ಸ್ ಸಿಕ್ಕಿದ್ದು ಮೊನ್ನೆ ಮೊನ್ನೆ.

"ಆ ರಸ್ತೇಲಿ ನೀನಾ? ಮಾರ್ಕೆಟ್ಟಿಗೆ ಹೋದ್ರೇ ಗೋಡೆ ಸವರ್ಕೊಂಡು ಬರ್ತೀಯ!" ಎಂದ ಪೆತ್ರಿತ್.

ಅತ್ತೆಗೆ ಎಂಬತ್ತು ದಾಟಿದರೂ ಕಿವಿ ಚುರುಕು. "ಬರದಿದ್ರೆ ಬಿಡಪ್ಪ. ಮುಂದಿನ ಸೀಟಲ್ಲಿ ನಾನು ಕೂತ್ಕೋತೀನಿ."

ಈಗ ಶೂ ಹುಡುಕುತ್ತಿದ್ದಾನೆ.

ಅದೇ ದಿನ, ಸಂಜೆ. ಶ್ಕೋದರ್. ರಾತ್ರಿ ಇಲ್ಲೇ.

ದಾರಿಯುದ್ದಕ್ಕೂ ಪಾಠ. "ಗೇರ್ ಇಳಿಸು... ಇಳಿಸೇ! ಕ್ಲಚ್ ಮೇಲಿಂದ ಕಾಲು ತೆಗಿ, ಅದೇನು ಕಾಲ್ಮಣೆನಾ?" ಟಿರಾನಾ ಹತ್ತಿರ ಸಿಟ್ಟು ನೆತ್ತಿಗೇರಿತು. ಕಾರು ಪಕ್ಕಕ್ಕೆ ಹಾಕಿದೆ.

"ಇನ್ನೊಂದ್ ಮಾತಾಡಿದ್ರೆ ಇಲ್ಲೇ ಇಳಿಸ್ಬಿಡ್ತೀನಿ."

"ಇಳಿಸು. ಬಸ್ ಹಿಡಿದು ನಿನಗಿಂತ ಮುಂಚೆ ಸೇರ್ತೀನಿ."

ಹಿಂದಿನಿಂದ ಎರಡು ತುಂಡು ಬುರೆಕ್ ಬಂತು. "ಬಾಯಿಗೆ ಹಾಕ್ಕೊಳ್ಳಿ. ಅಷ್ಟು ಹೊತ್ತಾದ್ರೂ ನನಗೆ ನೆಮ್ಮದಿ," ಎಂದರು ಅತ್ತೆ. ತಿಂದೆವು.

ಆದರೂ — ಎಷ್ಟು ತಿಂಗಳಾಗಿತ್ತು, ಅವನು ಇಷ್ಟು ಮಾತಾಡಿ!

ಜೂನ್ 10, ಮಧ್ಯಾಹ್ನ. ಬೆಟ್ಟದ ಮೇಲೆಲ್ಲೋ.

ಇಂಜಿನ್ ತಣಿಯಲೆಂದು ನಿಲ್ಲಿಸಿದ್ದೇವೆ.

ಡಾಂಬರು ಮುಗಿದು ಬಹಳ ಹೊತ್ತಾಗಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರೀ ಗಾಳಿ. ತಿರುವಿನಲ್ಲಿ ಮರದ ದಿಮ್ಮಿ ತುಂಬಿದ ಲಾರಿ ಎದುರಾಯಿತು. ಅದು ಹಿಂದೆ ಹೋಗುವ ಮಾತೇ ಇಲ್ಲ. ನಾನೇ ಹೋಗಬೇಕು. ಲಾರಿಯವನು ಇಳಿದು ಬಂದ. "ಯಜಮಾನ್ರೇ, ಸ್ಟೀರಿಂಗ್ ನೀವು ಹಿಡೀರಿ. ಅಮ್ಮಾವ್ರ ಕೈಲಾಗಲ್ಲ."

ಪೆತ್ರಿತ್ ಮುಖ ಕಪ್ಪಿಟ್ಟಿತು. ಬಲಗೈಯನ್ನು ಮೆಲ್ಲನೆ ಜೇಬಿಗೆ ಸೇರಿಸಿದ. ಆಮೇಲೆ ಬಾಗಿಲು ತೆರೆದು ಇಳಿದ.

"ಆಗುತ್ತೆ. ಅವಳೇ ತೆಗೀತಾಳೆ. ನೀನು ಆ ಕಡೆ ನಿಂತ್ಕೋ."

ಅತ್ತೆಯನ್ನು ಇಳಿಸಿ ಬಂಡೆಗೆ ಒರಗಿಸಿದ. ಕಾಲೆಳೆಯುತ್ತ ಕಾರಿನ ಹಿಂದೆ ಹೋಗಿ ಕೊರಕಲಿನ ಅಂಚಿನಲ್ಲೇ ನಿಂತ. ಕನ್ನಡಿಯಲ್ಲಿ ಅವನ ಎಡಗೈ.

"ಬಾ... ಬಾ... ಒಂಚೂರು ಬಂಡೆ ಕಡೆ... ಹಾಂ. ನನ್ನನ್ನೇ ನೋಡು, ಲಿರಿಯೆ. ಕೆಳಗೆ ನೋಡ್ಬೇಡ."

ಒಂದು ಬೈಗುಳವಿಲ್ಲ. ರಸ್ತೆ ಅಗಲವಾದ ಜಾಗ ಸಿಗುವಷ್ಟರಲ್ಲಿ ನನ್ನ ಬೆನ್ನೆಲ್ಲ ಒದ್ದೆ. ಲಾರಿಯವನು ಟೋಪಿ ಎತ್ತಿ ಹೋದ.

ಕಾರು ಹತ್ತಿದವನು ಬೆಲ್ಟ್ ಹಾಕಿಕೊಳ್ಳಲು ಒದ್ದಾಡಿದ. ನಾನು ಹಾಕಿದೆ. ಬೇಡ ಎನ್ನಲಿಲ್ಲ.

ಜೂನ್ 10, ಸಂಜೆ. ಅರ್ತಾಳ ಮನೆ.

ಆಮೇಲೆ ಪಾಠವೇ ಇಲ್ಲ. ಯಾಕೆ ಸುಮ್ಮನಾದ ಎಂದು ತಿರುಗಿ ನೋಡಿದರೆ — ನಿದ್ದೆ! ಬಾಯಿ ತೆರೆದು ಗೊರಕೆ. ಬೇರೆಯವರ ಕೈಯಲ್ಲಿ ಸ್ಟೀರಿಂಗ್ ಇರುವಾಗ ಅವನು ಕಣ್ಣು ಮುಚ್ಚಿದ್ದನ್ನು ನಾನು ಕಂಡದ್ದೇ ಇಲ್ಲ. ಎಬ್ಬಿಸಬಾರದೆಂದು ಗುಂಡಿಗಳನ್ನೆಲ್ಲ ತಪ್ಪಿಸುತ್ತ ಬಂದೆ.

ಅರ್ತಾ ಅಂಗಳದಿಂದ ಓಡಿ ಬಂದಳು. "ಅಪ್ಪಾ! ನೀನು ಬರಲ್ಲ ಅಂತಲೇ ಅನ್ಕೊಂಡಿದ್ದೆ..." ಕೂಸನ್ನು ಅವನ ಎಡತೋಳಿಗೆ ಕೊಟ್ಟಳು. ಊಟಕ್ಕೆ ಕರೆದರೂ ಕೆಳಗಿಳಿಸಲಿಲ್ಲ.

ಜೂನ್ 15, ಬೆಳಗ್ಗೆ.

ಬರೆಯಲು ಪುರುಸೊತ್ತೇ ಇರಲಿಲ್ಲ. ಕೂಸು, ಹಾಲು, ಮಾತು, ಮತ್ತೆ ಕೂಸು. ಅಳಿಯ ಪ್ರೆಂಗ್ ನಿನ್ನೆ ಮಾವನನ್ನು ಕುರಿದೊಡ್ಡಿಗೆ ಕರೆದೊಯ್ದಿದ್ದ. ಪೆತ್ರಿತ್ ನಡೆದೇ ಹೋಗಿ ಬಂದ.

ಇವತ್ತು ಹೊರಡುವುದು. ಗಾಜು ಒರೆಸುತ್ತಿದ್ದೆ. ಪೆತ್ರಿತ್ ಬಂದು ಬಾನೆಟ್ಟಿಗೆ ಒರಗಿದ.

"ಬಂದ ದಾರೀಲೇ ವಾಪಸ್ ಹೋಗೋದು ಬೇಡ."

"ಯಾಕೆ, ಹೆದರಿಕೆನಾ?"

"ಕೆಳಗೆ ಸರೋವರಕ್ಕೆ ಇಳಿದ್ರೆ ಕಾರು ದಾಟಿಸೋ ದೋಣಿ ಇದೆ. ಆಮೇಲೆ ಗಡಿ ದಾಟೋದು. ಪ್ರಿಜ್ರೆನ್‌ನಲ್ಲಿ ನನ್ನ ಅಕ್ಕನ್ನ ನೋಡ್ಕೊಂಡು ಹೋಗೋಣ."

"ಅಷ್ಟು ದೂರ! ದಾರಿ ಹೇಗಿದೆ?"

"ಕೆಟ್ಟದ್ದೇ." ನಕ್ಕ. "ಅದಕ್ಕೇನು, ಡ್ರೈವರ್ ಇದ್ದಾಳಲ್ಲ."

ಒರೆಸಿದ ಗಾಜನ್ನೇ ಮತ್ತೆ ಒರೆಸಿದೆ. ಅತ್ತೆ ಆಗಲೇ ತಲೆವಸ್ತ್ರ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತು ಕೂಗುತ್ತಿದ್ದಾರೆ. ಅತ್ತಿಗೆಗೆ ಫೋನ್ ಮಾಡಬೇಕು, ಪೆಟ್ರೋಲ್ ಹಾಕಿಸಬೇಕು, ಆಮೇಲೆ —